ಸೈರನ್ ಕೂಗಿಸದ ಹುಲುಗಮ್ಮ

ಬೆಳಗಿನ ಐದೂಮುಕ್ಕಾಲಿಗೆ ಹುಲುಗಮ್ಮ ಜೋಡು ಚಿಮಣಿ ಮಿಲ್ಲಿನ ಸಣ್ಣ ಗೇಟು ತೆಗೆಯುತ್ತಾರೆ. ಕಬ್ಬಿಣದ ಇಪ್ಪತ್ತಾರು ಮೆಟ್ಟಿಲು ಹತ್ತಿ ಟೈಂ ಆಫೀಸಿನ ಮಾಳಿಗೆಗೆ ಬರುತ್ತಾರೆ. ಅಲ್ಲಿ ಯುದ್ಧದ ಕಾಲದಲ್ಲಿ ಮದ್ರಾಸಿನಿಂದ ತಂದ, ಕೈಯಿಂದ ತಿರುಗಿಸುವ ಸೈರನ್ ಇದೆ. ಅದರ ಧೂಳನ್ನು ಸೆರಗಿನಿಂದ ಒರೆಸುತ್ತಾರೆ. ಎರಡು ತೊಟ್ಟು ಎಣ್ಣೆ ಬಿಡುತ್ತಾರೆ. ಹಿಡಿಯ ಮೇಲೆ ಎರಡೂ ಕೈ ಇಟ್ಟು ಗಡಿಯಾರ ನೋಡುತ್ತಾರೆ. ಆರು ಹೊಡೆಯುತ್ತದೆ. ಹುಲುಗಮ್ಮ ಸೈರನ್ ತಿರುಗಿಸುವುದಿಲ್ಲ. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಮೂರು ನಿಮಿಷ ಕೂತು, ಎದ್ದು ಇಳಿಯುತ್ತಾರೆ.

"ಆತ್ರಿ, ಒಂದು ಪಾಳಿ ಮುಗೀತು," ಎನ್ನುತ್ತಾರೆ ಸೊಂಟ ಹಿಡಿದುಕೊಂಡು. "ಇನ್ನ ಎರಡು ಗಂಟಿಗೆ ಬಂದು ಮತ್ತ ತಿರುವದಂಗ ಕುಂದರಬೇಕು."

ಐವತ್ತೆರಡರ ಈ ಹೆಂಗಸಿನ ಸದ್ಯದ ಉದ್ಯೋಗ ಇದು: ದಿನಕ್ಕೆ ಮೂರು ಸಲ ಸೈರನ್ ಕೂಗಿಸದೆ ಇರುವುದು. ಮನೆಯಲ್ಲೇ ಕೂತು ಕೂಗಿಸದೆ ಇರಬಹುದಲ್ಲ ಎಂದು ಕೇಳಿದರೆ ಅವರು ನಗುತ್ತಾರೆ. "ನಾ ಬರಲಿಲ್ಲಂದ್ರ ಬ್ಯಾರೆ ಯಾರರ ಹತ್ತಿ ತಿರುವಿಬಿಟ್ರ? ಕಾವಲು ಬೇಕಲ್ರಿ. ಹದಿನೈದು ವರ್ಷ ತಿರುವೀನಿ, ರಟ್ಟಿ ಇಷ್ಟು ಸೋತಿದ್ದಿಲ್ಲ. ಸುಮ್ನ ಕುಂದ್ರೋದು ಭಾಳ ಕಷ್ಟದ ಕೆಲಸ. ದಿಲ್ಲಿಯಾಗ ಅಷ್ಟು ಮಂದಿ ಹೆಂಗ ಕುಂದರ್ತಾರೋ ಏನೋ."

ದಿಲ್ಲಿಯ ಮಾತು ಸುಮ್ಮನೆ ಬಂದದ್ದಲ್ಲ. ಹುಲುಗಮ್ಮನ ಬಗ್ಗೆ ದೇಶದ ಸದನದಲ್ಲಿ ಎರಡು ಸಲ ಚರ್ಚೆಯಾಗಿದೆ. ಎರಡು ಸಲವೂ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ದಾರಿಯಲ್ಲಿ, ಊರು ಮುಗಿಯುವ ಕಡೆ ಇರುವ ನೂಲಿನ ಮಿಲ್ಲು ಇದು. ಬೋರ್ಡಿನ ಮೇಲೆ ಸಾಹುಕಾರರ ತಂದೆಯ ಹೆಸರಿದೆ. ಜನ ಕರೆಯುವುದು ಜೋಡು ಚಿಮಣಿ ಮಿಲ್ಲು ಎಂದು. ಚಿಮಣಿ ಒಂದೇ. ಇನ್ನೊಂದು ಕಟ್ಟುತ್ತೇವೆಂದು ಸಾಹುಕಾರರು ಐವತ್ತೆಂಟರಲ್ಲಿ ಮಾತು ಕೊಟ್ಟರು, ಜನ ನಂಬಿ ಹೆಸರಿಟ್ಟುಬಿಟ್ಟರು. ಸಿರುಗುಪ್ಪದಿಂದ ಮದುವೆಯಾಗಿ ಬಂದ ಹುಲುಗಮ್ಮ ಇಲ್ಲಿ ನೂಲು ಸುತ್ತುವ ಖಾತೆಗೆ ಸೇರಿದರು. ಹತ್ತಿಯ ಧೂಳಿಗೆ ಕೆಮ್ಮು ಹಿಡಿಯಿತು. ಕೆಮ್ಮಿ ಕೆಮ್ಮಿ ಎಳೆ ಕಡಿಯುತ್ತಾಳೆಂದು ಮೇಸ್ತ್ರಿ ಆಕೆಯನ್ನು ಮಾಳಿಗೆಗೆ ಹತ್ತಿಸಿದ. ಅವನ ಮಟ್ಟಿಗೆ ಅದು ಶಿಕ್ಷೆ. "ಗಾಳಿ ಬರ್ತಿತ್ತು, ಕೆಮ್ಮು ಹೋತು. ಅವಂಗ ಹೇಳಾಕ ಹೋಗಲಿಲ್ಲ, ಮತ್ತ ಇಳಿಸ್ತಾನಂತ," ಎನ್ನುತ್ತಾರೆ.

ಒಂದು ಕೂಗಿಗೆ ತೊಂಬತ್ತು ಸುತ್ತು. ದಿನಕ್ಕೆ ಮೂರು ಕೂಗು. ಗಾಳಿ ಒಲಿದರೆ ಸತ್ಯನಾರಾಯಣಪೇಟೆಯ ತನಕ ಕೇಳಿಸುತ್ತದೆ. ಆರರ ಕೂಗಿಗೆ ಒಲೆ ಹೊತ್ತುತ್ತವೆ, ನಲ್ಲಿಯವನು ನೀರು ಬಿಡುತ್ತಾನೆ. ಎರಡರ ಕೂಗಿಗೆ ಕಚೇರಿಯ ಗುಮಾಸ್ತರು ಊಟ ಮುಗಿಸಿ ಬಾಯಿ ಒರೆಸಿಕೊಳ್ಳುತ್ತಾರೆ. ಹತ್ತರ ಕೂಗಿಗೆ ಗಂಡಸರು ಇಸ್ಪೀಟು ಮಡಚುತ್ತಾರೆ. ಊರಿಗೆ ಊರೇ ಒಬ್ಬ ಹೆಂಗಸಿನ ರಟ್ಟೆಯಿಂದ ನಡೆಯುತ್ತಿತ್ತು. ಊರಿಗೆ ಅದು ಗೊತ್ತಿರಲಿಲ್ಲ, ಮಿಷಿನ್ನು ತಾನೇ ಕೂಗುತ್ತದೆಂದು ತಿಳಿದಿತ್ತು.

ಎಪ್ಪತ್ತೊಂಬತ್ತರ ದೀಪಾವಳಿಯ ಮಾರನೆಯ ದಿನ ಗೇಟಿಗೆ ನೋಟೀಸು ಬಿತ್ತು. ನೂಲುವ ಖಾತೆ ಬಂದ್, ಸುತ್ತುವ ಖಾತೆ ಬಂದ್, ಗೋದಾಮು ಬಂದ್, ಆಫೀಸು ಬಂದ್, ಕ್ಯಾಂಟೀನೂ ಬಂದ್. ಇನ್ನೂರ ಮೂವತ್ತು ಜನ ಬೀದಿಯಲ್ಲಿ ನಿಂತರು. ಹುಲುಗಮ್ಮ ಮಾತ್ರ ನೋಟೀಸನ್ನು ಎರಡು ಸಲ ಓದಿಸಿಕೊಂಡರು. ಅದರಲ್ಲಿ ಸೈರನ್ ಬಂದ್ ಎಂದು ಎಲ್ಲೂ ಇರಲಿಲ್ಲ. ಸರಿ, ತನ್ನ ಕೆಲಸ ಚಾಲೂ ಇದೆಯೆಂದು ಮಾರನೆಯ ಬೆಳಿಗ್ಗೆ ಹತ್ತಿ ತಿರುಗಿಸಿದರು. ಬೇಡ ಎನ್ನಲು ಸಾಹುಕಾರರು ಊರಲ್ಲಿರಲಿಲ್ಲ, ಮದ್ರಾಸಿಗೆ ಹೋಗಿಯಾಗಿತ್ತು. ಮುಂದಿನ ಹದಿನೇಳು ತಿಂಗಳು ನೂಲಿಲ್ಲದ, ಕರೆಂಟಿಲ್ಲದ, ಸಂಬಳವಿಲ್ಲದ ಮಿಲ್ಲು ಹೊತ್ತಿಗೆ ಸರಿಯಾಗಿ ಮೂರು ಪಾಳಿ ಕೂಗಿತು.

ಯೂನಿಯನ್ನಿನ ಕಾರ್ಯದರ್ಶಿ ಉಜ್ಜಿನಪ್ಪ ಅಷ್ಟರಲ್ಲಿ ಅರ್ಜಿ ಬರೆದು ಬರೆದು ಬೆರಳು ಸವೆಸಿದ್ದರು. ಬಂದ್ ಆದ ಮಿಲ್ಲನ್ನು ಸರ್ಕಾರ ವಹಿಸಿಕೊಂಡು ನಡೆಸಬಹುದು. ಆದರೆ ಅದು ಬಂದ್ ಆಗಿದೆಯೆಂದು ಮೊದಲು ಸರ್ಕಾರವೇ ಒಪ್ಪಬೇಕು. ಕೊನೆಗೆ ಸದಸ್ಯರೊಬ್ಬರು ಸದನದಲ್ಲಿ ಪ್ರಶ್ನೆ ಹಾಕಲು ಒಪ್ಪಿದರು. ವಿಚಾರಣೆಗೆ ದಿಲ್ಲಿಯಿಂದ ಒಬ್ಬ ಅಧಿಕಾರಿಯೂ ಬಂದು ಹೋದರು.

ಈ ಮಾರ್ಚಿನ ಒಂದು ದಿನ ಮಿಲ್ಲಿನ ಎದುರಿನ ಅಮೀರಸಾಬರ ಚಾದಂಗಡಿಯಲ್ಲಿ ನಲವತ್ತು ಜನ ಪೇಪರಿಗೆ ಕಾದು ಕೂತಿದ್ದರು. ಉಜ್ಜಿನಪ್ಪ ಎದ್ದು ನಿಂತು ಓದಿದರು. ಹಿಂದಿನ ದಿನ ಸದನದಲ್ಲಿ ಸಿಮೆಂಟಿನ ಅಭಾವದ ಮೇಲೆ ಒಂದು ತಾಸು ಮಾತಾಗಿತ್ತು. ಸೈಕಲ್ ಟೈರಿನ ಮೇಲೆ ಗದ್ದಲವಾಗಿತ್ತು. ಕೈಗಾರಿಕಾ ನೀತಿ ಬಡವರ ಪರವಾಗಿದೆಯೆಂದು ಮಂತ್ರಿಗಳು ಮೇಜು ಕುಟ್ಟಿಸಿಕೊಂಡಿದ್ದರು. ಕೆಳಗೆ, ಹಲ್ಲುಪುಡಿ ಜಾಹೀರಾತಿನ ಪಕ್ಕ, ನಮ್ಮ ಮಿಲ್ಲು.

ಬಳ್ಳಾರಿಯ ನೂಲಿನ ಗಿರಣಿ ಮುಚ್ಚಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ವಹಿಸಿಕೊಳ್ಳಲು ಕೈಗೊಂಡ ಕ್ರಮವೇನು? ಉತ್ತರ: ಇಲ್ಲ. ಸ್ಥಳದಲ್ಲಿ ವಿಚಾರಿಸಲಾಗಿ, ಗಿರಣಿಯಲ್ಲಿ ಮೂರು ಪಾಳಿಗಳ ಸೈರನ್ ಸಕಾಲಕ್ಕೆ ಆಗುತ್ತಿರುವುದು ಕಂಡುಬಂದಿದೆ. ಎರಡನೆಯ ಪ್ರಶ್ನೆ ಉದ್ಭವಿಸುವುದಿಲ್ಲ.

ಅಧಿಕಾರಿ ಮಿಲ್ಲಿಗೆ ಬಂದೇ ಇರಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಗಳನ್ನು ನೋಡಿಕೊಂಡು ಸಂಜೆ ಬಳ್ಳಾರಿಗೆ ಬಂದು ಪ್ರವಾಸಿ ಮಂದಿರದಲ್ಲಿ ತಂಗಿದ್ದರು. ಹತ್ತರ ಕೂಗು ಕೇಳಿ ಮಲಗಿದರು, ಆರರ ಕೂಗು ಕೇಳಿ ಎದ್ದರು, ಎರಡರ ಕೂಗಿಗೆ ಮಜ್ಜಿಗೆ ಅನ್ನ ಮುಗಿಸಿ ರೈಲು ಹತ್ತಿದರು. ಜನರ ಹಸಿವು ದಿಲ್ಲಿಯ ತನಕ ಕೇಳಿಸದ ದೇಶದಲ್ಲಿ ಸೈರನ್ ಒಂದು ಕೇಳಿಸಿಬಿಟ್ಟಿತ್ತು.

ನಲವತ್ತು ತಲೆ ಒಟ್ಟಿಗೆ ಹುಲುಗಮ್ಮನ ಕಡೆ ತಿರುಗಿದವು. ಅವರು ಬಸಿಯಲ್ಲಿ ಚಾ ಆರಿಸಿಕೊಳ್ಳುತ್ತಿದ್ದರು.

"ಯಕ್ಕಾ, ನಿನ್ನ ರಟ್ಟಿ ಬಲಕ್ಕ ನಮ್ಮ ಮಿಲ್ಲು ದಿಲ್ಲಿಯಾಗ ನಡ್ಯಾಕತ್ತೈತಿ," ಎಂದರು ಉಜ್ಜಿನಪ್ಪ.

"ನಡದ್ರ ಚಲೋನs ಆತಲ್ಲೋ ತಮ್ಮಾ."

"ಅಲ್ಲಿ ನಡದ್ರ ಇಲ್ಲಿ ತೆಗ್ಯಾಂಗಿಲ್ಲ ಯಕ್ಕಾ. ನಾಳಿಂದ ಕೂಗಿಸಬ್ಯಾಡ."

"ಬಂದ್ ಅಂತ ನೋಟೀಸ್ ಕೊಡು ಹಂಗಾರ. ಬಾಯಿ ಮಾತಿಗೆ ಕೆಲಸ ಬಿಡಾಕ ನಾ ಏನು ಮಂತ್ರಿ ಏನು?"

ಯೂನಿಯನ್ನು ಅಲ್ಲೇ, ಬೀಡಿ ಕಟ್ಟಿನ ಕಾಗದದ ಬೆನ್ನಿಗೆ, ಸೈರನ್ ಖಾತೆ ಬಂದ್ ಎಂದು ಬರೆದು ನಲವತ್ತು ಸಹಿ ಹಾಕಿ ಕೊಟ್ಟಿತು. ಹುಲುಗಮ್ಮ ಅದನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಮನೆಗೆ ಹೋಗಿ ಅತ್ತರು ಎಂದು ಅಮೀರಸಾಬರು ಹೇಳುತ್ತಾರೆ. "ಅತ್ತಿಲ್ಲ, ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ," ಎಂದು ಇವರು ತಿದ್ದುತ್ತಾರೆ.

ಮಾರನೆಯ ಬೆಳಿಗ್ಗೆ ಊರು ಏಳಲಿಲ್ಲ. ನಲ್ಲಿಯವನು ಎಂಟಕ್ಕೆ ನೀರು ಬಿಟ್ಟ. ಕೊಡಗಳ ಸಾಲಿನಲ್ಲಿ ಜಗಳವಾಯಿತು. ಗುಮಾಸ್ತರು ಊಟಕ್ಕೆ ಹೋದವರು ಮೂರಾದರೂ ಬರಲಿಲ್ಲ. ಹತ್ತಕ್ಕೆ ಮುಗಿಯಬೇಕಾದ ಇಸ್ಪೀಟು ಮುಗಿಯದೆ ಮನೆಮನೆಯಲ್ಲಿ ಹೆಂಗಸರು ಬಾಗಿಲು ಹಾಕಿಕೊಂಡರು. ಹನ್ನೊಂದನೆಯ ದಿನ ನಾಲ್ಕುನೂರು ಜನ ಸಹಿ ಮಾಡಿದ ಮನವಿಯೊಂದು ಡಿ.ಸಿ. ಸಾಹೇಬರ ಕಚೇರಿಗೆ ಹೋಯಿತು: ಮಿಲ್ಲಿನ ಸೈರನ್ ನಿಂತು ನಾಗರಿಕರಿಗೆ ತೀವ್ರ ತೊಂದರೆಯಾಗಿದೆ. ಕಚೇರಿಯ ಗುಮಾಸ್ತರೂ ಸಹಿ ಹಾಕಿದ್ದರು. ಮನವಿಗೆ ಆ ದಿನವೇ ನಂಬರು ಬಿತ್ತು.

ಇನ್ನೂರ ಮೂವತ್ತು ಒಲೆ ಆರಿದ್ದು ಹದಿನೇಳು ತಿಂಗಳು ಯಾವ ಕಚೇರಿಗೂ ಕೇಳಿಸಿರಲಿಲ್ಲ. ಒಂದು ಸೈರನ್ ಸುಮ್ಮನಾದದ್ದು ಹನ್ನೊಂದು ದಿನಕ್ಕೆ ಎಲ್ಲ ಕಚೇರಿಗೂ ಕೇಳಿಸಿತು. ಉಜ್ಜಿನಪ್ಪ ಆ ಮನವಿಯ ನಕಲು ತೆಗೆದು ದಿಲ್ಲಿಗೆ ಕಳಿಸಿದರು. ಸದಸ್ಯರು ಮತ್ತೆ ಎದ್ದರು: ಸೈರನ್ ನಿಂತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ, ಅಧಿಕಾರಿಯನ್ನು ಮತ್ತೆ ಕಳಿಸಲಾಗುವುದು, ಎಂದರು ಮಂತ್ರಿಗಳು. ಅಧಿಕಾರಿ ಬಂದು ಕಣ್ಣಾರೆ ನೋಡುವ ತನಕ ಸೈರನ್ ಕೂಗಬಾರದು. ಹುಲುಗಮ್ಮನ ಮಡಿಲಲ್ಲಿ ಈಗ ಇನ್ನೂರ ಮೂವತ್ತು ಜನರ ಕೆಲಸ ಕೂತಿದೆ.

ಆ ಅಧಿಕಾರಿ ಬರುವುದು ಇವತ್ತೇ. ಬೆಳಗಿನ ಕೂಗಿಲ್ಲದೆ ಅವರು ಎದ್ದದ್ದು ಒಂಬತ್ತಕ್ಕೆ, ಜೀಪು ಗೇಟಿಗೆ ಬಂದದ್ದು ಹನ್ನೊಂದಕ್ಕೆ. ಕನ್ನಡ ಬಾರದ ಅವರಿಗೆ ಅಮೀರಸಾಬರೇ ಉರ್ದುವಿನಲ್ಲಿ ದುಭಾಷಿ. ಒಳಗೆ ಪಾರಿವಾಳಗಳು ನೂಲುವ ಮಿಷಿನ್ನುಗಳ ಮೇಲೆ ಸಂಸಾರ ಹೂಡಿವೆ. ಅಧಿಕಾರಿ ಅಚ್ಚು ಹಾಕಿಸಿದ ಫಾರಂ ತೆಗೆದು ಒಂದೊಂದೇ ಸಾಲು ತುಂಬುತ್ತಾ ಏಳನೆಯ ಸಾಲಿಗೆ ನಿಲ್ಲುತ್ತಾರೆ. ಯಂತ್ರಗಳು ಕೆಲಸ ಮಾಡುವ ಸ್ಥಿತಿಯಲ್ಲಿವೆಯೇ? ಇಲ್ಲದಿದ್ದರೆ ಮಿಲ್ಲು ಗುಜರಿ, ಗುಜರಿಯನ್ನು ಸರ್ಕಾರ ವಹಿಸಿಕೊಳ್ಳುವುದಿಲ್ಲ. ನಡೆಸಿ ತೋರಿಸೋಣವೆಂದರೆ ಕರೆಂಟು ಕಿತ್ತು ಒಂದೂವರೆ ವರ್ಷವಾಗಿದೆ. ಅಧಿಕಾರಿಯ ಕಣ್ಣು ಮಾಳಿಗೆಗೆ ಹೋಗುತ್ತದೆ.

"ಅದು ಕೈಲಿಂದ ತಿರುಗ್ತೈತಂತಲ್ಲ, ಅದನ್ನರ ತಿರುವಿ ತೋರಸ್ರಿ ಅಂತಾರ," ಎನ್ನುತ್ತಾರೆ ಅಮೀರಸಾಬರು ಹೆದರಿಕೊಂಡೇ.

ಉಜ್ಜಿನಪ್ಪ ಬೆವರುತ್ತಾರೆ. ಕೂಗಿಸಿದರೆ ನಡೆಯುವ ಮಿಲ್ಲು, ಕೂಗಿಸದಿದ್ದರೆ ಗುಜರಿ. "ಯಕ್ಕಾ, ಏನ್ ಮಾಡೋದು?" ಎಂದು ಹುಲುಗಮ್ಮನನ್ನೇ ಕೇಳುತ್ತಾರೆ.

ಹುಲುಗಮ್ಮ ಮೊದಲ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. "ಅಮೀರಣ್ಣ, ಸಾಹೇಬ್ರಿಗೆ ಹೇಳು. ಮಿಲ್ಲು ಬಂದ್ ಐತಿ ಅಂತ ಮೊದ್ಲು ಬರೀಲಿ. ಸಹಿ ಹಾಕಲಿ, ಟೈಮೂ ಹಾಕಲಿ. ಆಮ್ಯಾಲೆ ತಿರುವ್ತೀನಿ. ಮೊದ್ಲು ತಿರುವಿದ್ರ ನಾಳಿಗೆ ಪೇಪರಿನ್ಯಾಗ ಏನು ಬರ್ತೈತೋ ಯಾರಿಗೆ ಗೊತ್ತು. ಒಮ್ಮಿ ಕೇಳಿ ಬರಕೊಂಡು ಹೋಗ್ಯಾರ ಅವ್ರು."

ಅಮೀರಸಾಬರು ಇದಕ್ಕೆ ನಾಲ್ಕು ಹುಜೂರ್ ಸೇರಿಸಿ ಉರ್ದು ಮಾಡುತ್ತಾರೆ. ಕೊನೆಯ ಮಾತನ್ನು ನುಂಗುತ್ತಾರೆ. ಅಧಿಕಾರಿ ಸಿಡಿಮಿಡಿಗೊಂಡು, ಬಿಸಿಲು ನೋಡಿ, ಮೆಟ್ಟಿಲಿಗಡ್ಡವಾಗಿ ಕೂತ ಹೆಂಗಸನ್ನು ನೋಡಿ, ಬರೆದು ಸಹಿ ಹಾಕುತ್ತಾರೆ. ಹನ್ನೊಂದು ಗಂಟೆ ನಲವತ್ತು ನಿಮಿಷ. ಉಜ್ಜಿನಪ್ಪ ಎರಡು ಸಲ ಓದಿ ತಲೆಯಾಡಿಸುತ್ತಾರೆ.

ಹುಲುಗಮ್ಮ ಹತ್ತುತ್ತಾರೆ. ತೊಂಬತ್ತು ಸುತ್ತಿಗೆ ನಿಲ್ಲುವುದಿಲ್ಲ. ಕೆಳಗೆ ಪಾರಿವಾಳಗಳೆಲ್ಲ ಒಮ್ಮೆಗೇ ಏಳುತ್ತವೆ, ಅಧಿಕಾರಿ ಕಿವಿ ಮುಚ್ಚಿಕೊಳ್ಳುತ್ತಾರೆ.

ಹೊತ್ತಲ್ಲದ ಹೊತ್ತಿನ ಕೂಗಿಗೆ ಕುರುಗೋಡು ರಸ್ತೆಯಲ್ಲಿ ಜನ ಓಡುತ್ತಾ ಬರುತ್ತಿದ್ದಾರೆ. ಕಲ್ಲು ಒಡೆಯುತ್ತಿದ್ದವರು ಸುತ್ತಿಗೆ ಹಿಡಿದೇ ಬರುತ್ತಾರೆ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹಳೆಯ ನೂಲುಗಾರರು ಒದ್ದೆ ಕೈಯಲ್ಲಿ, ಸುತ್ತುವ ಖಾತೆಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬರುತ್ತಾರೆ. ಗೇಟಿನ ಹೊರಗೆ ತಾವಾಗಿಯೇ ಪಾಳಿಯ ಸಾಲಿನಲ್ಲಿ ನಿಲ್ಲುತ್ತಾರೆ. ಇವರೆಲ್ಲ ಯಾರೆಂದು ಅಧಿಕಾರಿ ಕೇಳುತ್ತಾರೆ, ಕೈಯಲ್ಲಿ ಫಾರಮಿನ ಏಳನೆಯ ಸಾಲು ಇನ್ನೂ ಖಾಲಿ.

ಏದುಸಿರು ಬಿಡುತ್ತಾ ಇಳಿದು ಬಂದ ಹುಲುಗಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಇವ್ರನ್ನೂ ಅದs ಸಾಲಿನ್ಯಾಗ ಬರಕೊಳ್ಳಾಕ ಹೇಳು, ಅಮೀರಣ್ಣ. ಒಬ್ರಿಗೂ ತುಕ್ಕು ಹಿಡದಿಲ್ಲ."