ತಾರಾದೇವಿಯ ಮುಂದಿನ ನಿದ್ದೆ

ನಮ್ಮ ಮನೆಯವರು ಧ್ಯಾನ ಮಾಡಲಿಲ್ಲ, ನಿದ್ದೆ ಮಾಡಿದರು. ಆದದ್ದು ಇಷ್ಟೇ.

ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡಿ ಮಾಡಿ ಕೆಟ್ಟ ಅವರ ನಿದ್ದೆ ಅವರು ನಿವೃತ್ತರಾದ ಮೇಲೂ ತಿರುಗಿ ಬರಲಿಲ್ಲ. ಗುಳಿಗಿ ನುಂಗಿದರೂ ಆಗಲಿಲ್ಲ. ಕಣ್ಣು ಕೆಂಪು, ಮಾತು ಮಾತಿಗೆ ಸಿಟ್ಟು. "ಇದರ ಮುಂದ ಕೂತು ಧ್ಯಾನ ಮಾಡ್ರಿ ಅಪ್ಪಾ" ಅಂತ ಮಗಳು ಸಂಭಾಜಿನಗರದಿಂದ ಬೌದ್ಧರ ತಾರಾದೇವಿಯನ್ನು ತಂದಳು. ಕೈಯಿಂದ ಮಾಡಿ ಬಂಗಾರದ ನೀರು ಹಾಕಿದ ಗೇಣುದ್ದದ ಮೂರ್ತಿ. ಒಂದು ಕಾಲು ಕೆಳಗೆ ಬಿಟ್ಟು, ಯಾರಾದರೂ ಕರೆದರೆ ಎದ್ದು ಬರುವವಳ ಹಾಗೆ ಕೂತಿದ್ದಳು.

ನಾಸಿಕದ ನಮ್ಮ ಮನೆಯ ಕಿಟಕಿಯ ಪಕ್ಕ ಹಲಗೆ ಹೊಡೆದು ಇಟ್ಟೆವು. ಮೊದಲ ಮುಂಜಾನೆ ಎಳೆಬಿಸಿಲು ಅವಳ ಮೊಣಕಾಲಿಗೆ ಬಿದ್ದು, ಅಲ್ಲಿಂದ ಮುಂದೆ ಧ್ಯಾನಕ್ಕೆ ಕೂತ ಇವರ ಮುಖದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಇಡೀ ಕೋಣೆ ಬೆಲ್ಲದ ಪಾಕದೊಳಗೆ ಮುಳುಗಿದಂತೆ ಕಂಡಿತು. ಮೆಲ್ಲಗೆ ಇವರ ಗದ್ದ ಎದೆಗೆ ತಾಗಿತು. ನಾನು ಬಾಗಿಲಲ್ಲೇ ನಿಂತೆ. ಎಷ್ಟು ಹೊತ್ತೋ ಏನೋ, ಅಡಿಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಇವರು ಬೆಚ್ಚಿ ಎದ್ದರು.

"ಧ್ಯಾನ ಆತೇನ್ರಿ?"

"ಆತು. ಭಾಳ ಆಳಕ್ಕ ಹೋಗಿದ್ದೆ."

"ಹೌದ್ರಿ, ಗೊರಕಿ ಇಲ್ಲೀತನಕ ಕೇಳಸ್ತಿತ್ತು."

ಮರುದಿನ ಮುಂಜಾನೆ ಕುಕ್ಕರನ್ನು ಅಟ್ಟದ ಮೇಲೆ ಹಾಕಿ, ಬೋಗುಣಿಯಲ್ಲಿ ಅನ್ನಕ್ಕಿಟ್ಟೆ.