ಎಡೆಗೆ ಇಟ್ಟ ಬಿಯರ್

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನಮ್ಮ ಅತ್ತೆ ದ್ಯಾವಮ್ಮನವರ ಕಟ್ಟಪ್ಪಣೆ. ಬರೆಯಬಾರದು ಎಂದು ಅವರೇನೂ ಹೇಳಿಲ್ಲ. ಹಾಗಾಗಿ ಬರೆಯುತ್ತೇನೆ: ಚಂದ್ರಶೇಖರ. ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಿಡಿಯುವುದು, ಗೊಬ್ಬರ ಅಳೆಸುವುದು, ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೋಡಿಕೊಳ್ಳುವುದು ಅವರ ಸಂಬಳದ ಕೆಲಸ. ಮನಸ್ಸಿನ ಕೆಲಸ ಬೇರೆಯೇ ಇದೆ. ಅದರ ದೆಸೆಯಿಂದ ನಮ್ಮ ಮನೆಯಲ್ಲಿ ಭಾನುವಾರ ಯಾರಿಗೂ ಬಿಸಿನೀರಿನ ಸ್ನಾನವಿಲ್ಲ, ಏಕೆಂದರೆ ಅವತ್ತು ಬಚ್ಚಲ ಹಂಡೆಯಲ್ಲಿ ಬಿಯರ್ ಕುದಿಯುತ್ತಿರುತ್ತದೆ.

ಈ ಹುಚ್ಚು ಹತ್ತಿದ್ದು ಕಾಫಿ ತೊಟ್ಟಿಯಿಂದಲೇ ಎಂದು ನನ್ನ ಗುಮಾನಿ. ಸಿಪ್ಪೆ ಬಿಡಿಸಿದ ಕಾಫಿ ಬೀಜಕ್ಕೆ ಲೋಳೆ ಅಂಟಿಕೊಂಡಿರುತ್ತದೆ. ಅದು ಬಿಡಲೆಂದು ತೊಟ್ಟಿಯಲ್ಲಿ ಹುಳಿಯಲು ಹಾಕುತ್ತಾರೆ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿದಾಗ ಜಾರಿದರೆ ಇನ್ನೂ ಕಾಯಬೇಕು, ಕರಕರ ಎಂದರೆ ತೊಳೆಯಬಹುದು. ಇವರು ಉಜ್ಜುವುದಕ್ಕೂ ಮೊದಲು ಮೂಗಿನಲ್ಲೇ ಹೇಳಿಬಿಡುತ್ತಾರೆ. ಒಮ್ಮೆ ಸ್ನೇಹಿತನ ಮದುವೆಗೆಂದು ಬೆಂಗಳೂರಿಗೆ ಹೋದವರು, ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಕೊಡುವ ಪಬ್ಬೊಂದನ್ನು ನೋಡಿಕೊಂಡು ಬಂದರು. ಬಂದವರು ಚಪ್ಪಲಿಯನ್ನೂ ಬಿಡದೆ, "ಸೌಂದರ್ಯ, ಅಲ್ಲಿನ ಡ್ರಮ್ಮಿಗೂ ನಮ್ಮ ತೊಟ್ಟಿಗೂ ವಾಸನೆ ಒಂದೇ ಕಣೆ," ಎಂದರು. ನನಗೆ ಅವತ್ತೇ ಭಯವಾಯಿತು.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಪಾರ್ಸೆಲಿನಲ್ಲಿ ಬಂತು. ಹಾಪ್ಸ್ ಎನ್ನುವ ಕಹಿ ಹೂವೂ ಬಂತು. ಮೊದಲ ಸಲ ಮಾಡಿದ್ದನ್ನು ನಮ್ಮ ನಾಯಿ ಕೂಡ ಮೂಸಲಿಲ್ಲ. ಇನ್ನೊಂದು ಸಲ ನೊರೆ ಬರಲೆಂದು ಬಾಟಲಿಗೆ ಹಾಕುವ ಚೂರು ಸಕ್ಕರೆಯ ಬದಲು ಜೋನಿಬೆಲ್ಲ ಸುರಿದದ್ದಕ್ಕೆ, ಅಡುಗೆಮನೆಯ ಅಟ್ಟದ ಮೇಲೆ ಬಾಟಲಿಗಳು ಒಂದಾದ ಮೇಲೊಂದು ಸಿಡಿದವು. ಅತ್ತೆ ನಕ್ಸಲೈಟರು ಬಂದರೆಂದು ಮಂಚದ ಕೆಳಗೆ ಸೇರಿಕೊಂಡರು. ಇಷ್ಟಾದರೂ ಬಿಡಲಿಲ್ಲ. ಕೊನೆಗೆ ನಮ್ಮದೇ ತೋಟದ ಕಿತ್ತಳೆಯ ಸಿಪ್ಪೆ ಹಾಕಿ ಮಾಡಿದ್ದು ಕೈಹಿಡಿಯಿತು. ನಾನು ಕುಡಿಯುವವಳಲ್ಲ, ಆದರೂ ಅದನ್ನು ಒಂದು ಗುಟುಕು ಕುಡಿದು ಇನ್ನೊಂದು ಗುಟುಕು ಕೇಳಿದೆ.

ಅಲ್ಲಿಂದ ಕನಸು ಬೆಳೆಯಿತು. ದೇವರಮನೆ ಬೆಟ್ಟಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ಹಳೆಯ ಕಾಫಿ ಗೋಡೌನ್ ಇದೆ. ದಪ್ಪ ಗೋಡೆ, ಬೇಸಗೆಯಲ್ಲೂ ಒಳಗೆ ತಂಪು. ಶನಿವಾರ ಭಾನುವಾರ ಅದರ ಮುಂದೆ ಟೂರಿಸ್ಟುಗಳ ಕಾರುಗಳು ಸಾಲುಗಟ್ಟಿ ಹೋಗುತ್ತವೆ. ಅಲ್ಲೇ ಒಂದು ಬ್ರೂಪಬ್ ತೆರೆಯಬೇಕು ಎಂದು ಇವರ ಹಟ. ಲೈಸೆನ್ಸು, ಅಬಕಾರಿ ಆಫೀಸು ಎಂಬ ದೊಡ್ಡ ದೊಡ್ಡ ಬೆಟ್ಟಗಳೆಲ್ಲ ಇನ್ನೂ ಹತ್ತುವುದಕ್ಕೆ ಬಾಕಿ ಇದ್ದವು, ನಿಜ. ಆದರೆ ಮೊದಲು ಜಾಗ ಬೇಕಲ್ಲ. ಗೋಡೌನ್ ಇವರದೊಬ್ಬರದೇ ಅಲ್ಲ, ಅಣ್ಣ ರಂಗನಾಥ ಭಾವನಿಗೂ ಅದರಲ್ಲಿ ಪಾಲಿದೆ. ಭಾವ ಹೂಂ ಎನ್ನಬೇಕಿತ್ತು. ಅವರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಕೇಳಿದಾಗಲೆಲ್ಲ "ನೋಡಣ" ಎಂದು ಹೇಳಿ ಎದ್ದುಹೋಗುತ್ತಿದ್ದರು.

ಭಾವನ ಬಗ್ಗೆ ಹೇಳಲೇಬೇಕು. ಅವರು ಕುಡಿಯುತ್ತಿದ್ದರು, ಸುಮ್ಮನೆ ಕುಡಿತವಲ್ಲ. ಒಂದು ಬೆಳಿಗ್ಗೆ ಪಲ್ಪಿಂಗ್ ನೀರಿನ ಗುಂಡಿಯಲ್ಲಿ ಸೊಂಟದವರೆಗೆ ಮುಳುಗಿ, ದಂಡೆಗೆ ತಲೆಯಿಟ್ಟು ಮಲಗಿದ್ದವರನ್ನು ಆಳುಗಳು ಎತ್ತಿ ತಂದಿದ್ದರು. ಇನ್ನೊಂದು ಗೇಣು ಜಾರಿದ್ದರೆ ಕಥೆ ಮುಗಿದಿರುತ್ತಿತ್ತು. ಅದಾದ ಮೇಲೆ ಊರಲ್ಲಿ ನಡೆದ ಮದ್ಯವರ್ಜನ ಶಿಬಿರಕ್ಕೆ ತಾವಾಗಿಯೇ ಹೋಗಿ ಹೆಸರು ಬರೆಸಿದರು. ಈಗ ಎರಡನೆಯ ವರ್ಷ. ಅವರ ಹೆಂಡತಿ ವಾರಿಜಕ್ಕ ಮತ್ತೆ ಕನ್ನಡಿಯ ಮುಂದೆ ನಿಂತು ಹೂ ಮುಡಿಯಲು ಶುರುಮಾಡಿದ್ದು ಈ ಎರಡು ವರ್ಷದಲ್ಲೇ. ಭಾವ ನಮ್ಮ ಹಿತ್ತಲಿಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅಲ್ಲಿ ಬಿಯರ್ ಹುಳಿಯುವ ಡ್ರಮ್ಮುಗಳು ಗುಳುಗುಳು ಎನ್ನುತ್ತಿರುತ್ತವೆ.

"ಭಾವನ ಮನೆ ಪಕ್ಕದಲ್ಲೇ ಇಂಥದ್ದು ಬೇಕಾ?" ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೆ.

"ಅಣ್ಣ ಬ್ರಾಂದಿ ಬಿಟ್ಟಿರೋದು. ಇದು ಕೈಕೆಲಸ ಮಾರಾಯ್ತಿ, ಕುಡಿತ ಅಲ್ಲ," ಎನ್ನುತ್ತಿದ್ದರು ಇವರು. ಬುದ್ಧಿವಂತರಿಗೆ ತಮಗೆ ಬೇಕಾದ ಕಡೆ ಮಾತ್ರ ಕಣ್ಣು ಕಾಣುವುದಿಲ್ಲ.

ಈ ವರ್ಷದ ಮಹಾಲಯ ಅಮಾವಾಸ್ಯೆಗೆ, ಅಂದರೆ ನಮ್ಮ ಹಿರಿಯರ ಹಬ್ಬಕ್ಕೆ, ಅತ್ತೆಯ ತಮ್ಮ ಶೇಷಪ್ಪನವರು ಬರುತ್ತೇನೆಂದು ಹೇಳಿ ಕಳಿಸಿದರು. ಊರಿನಲ್ಲಿ ಅವರ ಮಾತು ನಡೆಯುತ್ತದೆ. ಭಾವನೂ ಅವರೆದುರು ತಲೆಯೆತ್ತಿ ಮಾತಾಡುವುದಿಲ್ಲ. ಇವರು ಮೊದಲೇ ಅವರನ್ನು ಹಿಡಿದುಕೊಂಡು ಗೋಡೌನಿನ ವಿಷಯ ಬಗೆಹರಿಸಿಕೊಡಿ ಎಂದು ಒಪ್ಪಿಸಿದ್ದರು. ಬೆಳಗಿನಿಂದಲೇ ಇವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾನೂ ವಾರಿಜಕ್ಕನೂ ಕಡುಬು ಬೇಯಿಸುತ್ತಾ, ಕೋಳಿಸಾರಿಗೆ ಮಸಾಲೆ ಅರೆಯುತ್ತಾ ಅಡುಗೆಮನೆಯಲ್ಲೇ ಇದ್ದೆವು.

ನಮ್ಮಲ್ಲಿ ಎಡೆ ಇಡುವ ಕ್ರಮ ಹೀಗೆ. ಒಳಕೋಣೆಯಲ್ಲಿ ಬಾಳೆಲೆ ಹಾಸಿ, ತೀರಿಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಆಗ ಬಾಗಿಲು ತೆರೆದರೆ ಅವರು ಅರ್ಧ ಊಟದಲ್ಲಿ ಎದ್ದುಹೋಗುತ್ತಾರಂತೆ. ಆಮೇಲೆ ಹಿರಿಮಗ ಬಾಗಿಲು ತಟ್ಟಿ ಒಳಗೆ ಹೋಗಿ, ಎಡೆಯಲ್ಲಿ ಇರುವುದೆಲ್ಲದರ ಮೊದಲ ತುತ್ತು, ಮೊದಲ ಗುಟುಕು ತಾನು ತೆಗೆದುಕೊಳ್ಳಬೇಕು. ಅವನು ಮುಟ್ಟದೆ ಬೇರೆಯವರು ಮುಟ್ಟುವಂತಿಲ್ಲ. ತೀರಿಹೋದ ನಮ್ಮ ಮಾವನ ಎಡೆಗೆ ಮೊದಲೆಲ್ಲ ಬ್ರಾಂದಿ ಇಡುತ್ತಿದ್ದರು. ಭಾವ ಕುಡಿತ ಬಿಟ್ಟ ಮೇಲೆ ಅತ್ತೆ ಯಾರಿಗೂ ಹೇಳದೆ ಕೇಳದೆ ಅದರ ಜಾಗದಲ್ಲಿ ಎಳನೀರು ಇಟ್ಟರು. ಗಂಡನಿಗಿಂತ ಮಗ ಮುಖ್ಯ ಎಂದು ಅವರು ತೀರ್ಮಾನ ಮಾಡಿದ್ದರು.

ಅವತ್ತು ಬಡಿಸಿ ಮುಗಿಯಿತು. ಅತ್ತೆ ಕೈಮುಗಿದು ಹೊರಬಂದರು. ಭಾವ ಹೊರಬಂದರು. ಕೊನೆಯಲ್ಲಿ ಇವರು ಒಳಗೆ ಓಡಿಹೋಗಿ ಏನೋ ಇಟ್ಟು ಬಂದು ಬಾಗಿಲು ಎಳೆದರು. ಬಾಗಿಲು ಮುಚ್ಚುವಷ್ಟರಲ್ಲಿ ಸಂದಿಯಿಂದ ನನಗೆ ಕಂಡಿತು. ಎಳನೀರಿನ ಪಕ್ಕದಲ್ಲಿ ಉದ್ದನೆಯ ಗಾಜಿನ ಲೋಟ, ಬಾಯಿವರೆಗೆ ಕಿತ್ತಳೆ ಬಣ್ಣದ ಬಿಯರ್, ಮೇಲೆ ಬೆಳ್ಳಗೆ ನೊರೆ. ನೊರೆ ಇಳಿದುಹೋಗಬಾರದೆಂದು ಕೊನೇ ಗಳಿಗೆಗೆ ಇಟ್ಟಿದ್ದರು, ಪುಣ್ಯಾತ್ಮರು.

"ಅಪ್ಪಂಗೆ ನಾನು ಮಾಡಿದ್ದನ್ನ ಒಂದ್ಸಲನಾದ್ರೂ ಕೊಡಬೇಕಿತ್ತು, ಕೊಟ್ಟೆ," ಎಂದು ಶೇಷಪ್ಪನವರಿಗೆ ಹೇಳಿದರು. ಮುಖದಲ್ಲಿ ಮಗುವಿನ ಖುಷಿ. ಯಾರು ಅದನ್ನು ಮೊದಲು ಕುಡಿಯಬೇಕು ಎಂಬುದು ಅವರ ತಲೆಗೆ ಬಂದೇ ಇರಲಿಲ್ಲ.

ಶೇಷಪ್ಪನವರು ತೊಡೆ ತಟ್ಟಿಕೊಂಡರು. "ಸೈ! ಹೋದ ವರ್ಷ ನಿಮ್ಮಪ್ಪಂಗೆ ಎಳನೀರು ಇಟ್ಟಿದ್ರಲ್ಲ, ನಂಗೆ ಹೊಟ್ಟೆ ಉರಿದು ಹೋಗಿತ್ತು. ರಂಗ, ಇವತ್ತು ನೀನು ಮೊದ್ಲು ಗ್ಲಾಸ್ ಮುಟ್ಟು. ಆಮೇಲೆ ಎಲ್ಲರೂ ಕುಡಿದು, ಗೋಡೌನ್ ಮಾತು ಇಲ್ಲೇ ಮುಗಿಸಣ."

"ಅವ್ರು ಬಿಟ್ಟಿದಾರೆ ಮಾವ," ಎಂದರು ವಾರಿಜಕ್ಕ.

"ಇದು ಕುಡಿತ ಏನಮ್ಮ? ಅಪ್ಪನ ಪ್ರಸಾದ. ಪ್ರಸಾದಕ್ಕೆ ದೋಷ ಇಲ್ಲ."

ನಾನು ಭಾವನನ್ನು ನೋಡಿದೆ. ಅವರು ಬೇಡ ಎನ್ನಲಿಲ್ಲ. ಬಾಗಿಲನ್ನೇ ನೋಡುತ್ತಾ ನಿಂತಿದ್ದರು. ಪಂಚೆಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ವಾರಿಜಕ್ಕ ನನ್ನ ಮುಂಗೈ ಹಿಡಿದುಕೊಂಡರು. ಬಳೆ ಚರ್ಮಕ್ಕೆ ಒತ್ತಿ ನೋಯುತ್ತಿತ್ತು, ಆದರೂ ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನನಗೆ ಗಂಡನ ಮೇಲೆ ಎಂಥಾ ಸಿಟ್ಟು ಬಂದಿತ್ತೆಂದರೆ, ಹಿರಿಯರ ಜೊತೆ ಅವರಿಗೂ ಒಂದು ಎಡೆ ಇಡುವಷ್ಟು.

ಆಗ ಇವರೂ ಅಣ್ಣನ ಕೈ ನೋಡಿದರು. ಮುಖದ ಖುಷಿ ಇಳಿಯಿತು. ನನ್ನ ಕಡೆ ತಿರುಗಿದರು. ಹೇಳುವುದೆಲ್ಲ ನನ್ನ ಮುಖದ ಮೇಲೇ ಇತ್ತು. ಇವರು ಮೆಲ್ಲಗೆ, "ಮಾವ, ಅಣ್ಣ ಎಳನೀರು ತಗೊಳ್ಳಲಿ, ಸಾಕು," ಎಂದರು.

"ಎಡೇಲಿ ಇದ್ದಿದ್ದನ್ನ ಬಿಡಂಗಿಲ್ಲ ಮಾರಾಯ. ಇಟ್ಟೋನು ನೀನೇ ಅಲ್ವಾ?" ಎಂದು ಶೇಷಪ್ಪನವರು ಕಣ್ಣು ಕೆಕ್ಕರಿಸಿದರು. "ಹೊತ್ತಾಯ್ತು. ರಂಗ, ಬಾಗಿಲು ತಟ್ಟು."

ಭಾವ ಒಂದು ಹೆಜ್ಜೆ ಮುಂದಿಟ್ಟರು. ಬಾಗಿಲು ತಟ್ಟಲು ಕೈ ಎತ್ತಿದರು.

ಅಷ್ಟರಲ್ಲಿ ಇವರು ಅಣ್ಣನನ್ನು ಭುಜದಿಂದ ಪಕ್ಕಕ್ಕೆ ತಳ್ಳಿ ದಡಾರನೆ ಬಾಗಿಲು ತೆರೆದು ಒಳಗೆ ನುಗ್ಗಿದರು. ತಟ್ಟಲಿಲ್ಲ, ಕೈಮುಗಿಯಲಿಲ್ಲ.

"ಅಯ್ಯೋ, ಅವ್ರು ಊಟಕ್ಕೆ ಕೂತಿದಾರೆ ಕಣೋ!" ಎಂದು ಅತ್ತೆ ಕಿರುಚಿದರು.

ಇವರು ಲೋಟ ಹಿಡಿದು ಹೊರಬಂದರು. ಬಿಯರ್ ತುಳುಕಿ ಅಂಗಿಯ ಮೇಲೆಲ್ಲ ಚೆಲ್ಲಿತ್ತು. ನಮ್ಮ ಯಾರ ಮುಖವನ್ನೂ ನೋಡದೆ ಅಂಗಳಕ್ಕೆ ಇಳಿದು, ಉಳಿದದ್ದನ್ನು ಕಾಫಿ ಗಿಡದ ಬುಡಕ್ಕೆ ಸುರಿದರು. ಅಂಗಳಕ್ಕೆಲ್ಲ ಕಿತ್ತಳೆಯ ಪರಿಮಳ ಹರಡಿತು. ಶೇಷಪ್ಪನವರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. ಸತ್ತವರ ಊಟ ಕೆಡಿಸಿದವನ ಮನೆಯಲ್ಲಿ ತಾನು ಉಣ್ಣುವುದಿಲ್ಲ, ಗೋಡೌನಿನ ಮಾತು ಇನ್ನು ತನ್ನ ಹತ್ತಿರ ತರಬೇಡಿ ಎಂದು ಹೇಳಿ ಜೀಪು ಹತ್ತಿದರು. ಅತ್ತೆ ಗೋಡೆಗೆ ಒರಗಿ ಅಳುತ್ತಾ ಕೂತರು.

ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಇವರು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಎರಡು ವರ್ಷದಲ್ಲಿ ಮೊದಲ ಸಲ ಭಾವ ನಮ್ಮ ಹಿತ್ತಲಿಗೆ ಬಂದರು. ಡ್ರಮ್ಮುಗಳಿಗೆ ಬೆನ್ನು ಮಾಡಿ ನಿಂತರು.

"ಅಣ್ಣ, ನಿನ್ನ ನಂಬಲಿಲ್ಲ ಅಂತಲ್ಲ..." ಎಂದು ಇವರು ಶುರುಮಾಡಿದರು.

"ನಂಬದೇ ಇದ್ದಿದ್ದು ಒಳ್ಳೇದಾಯ್ತು," ಎಂದರು ಭಾವ. "ಬಾಗಿಲು ಹಾಕ್ದಾಗಿಂದ ಅಪ್ಪನ ನೆನಪು ಒಂಚೂರೂ ಬರ್ಲಿಲ್ಲ ಕಣೋ. ಯಾವಾಗ ತೆಗೀತಾರೆ ಅನ್ನೋದೊಂದೇ. ಮಾವ ಪ್ರಸಾದ ಅಂದಾಗ ಎಷ್ಟು ಖುಷಿ ಆಯ್ತು ಗೊತ್ತಾ? ಇನ್ನು ಯಾರೂ ಬಯ್ಯಂಗಿಲ್ಲ, ವಾರಿಜಾನೂ ಬಯ್ಯಂಗಿಲ್ಲ ಅಂತ."

ನನ್ನ ಕೈಯ ಪಾತ್ರೆ ಅಲ್ಲೇ ನಿಂತಿತು.

"ಗೋಡೌನ್ ಕೇಳ್ತಿದ್ಯಲ್ಲ, ಅದನ್ನ ಕೊಡಲ್ಲ," ಭಾವ ಮುಂದುವರಿಸಿದರು. "ಬಾಯಿಬಿಟ್ಟು ಹೇಳಕ್ಕೆ ನಾಚಿಕೆ ಆಗ್ತಿತ್ತು. ಅಣ್ಣ ತಮ್ಮಂದಿರಿಗೆ ಪಾಲಿನ ಜಗಳ ಅಂತ ಊರವರು ಅಂದ್ಕೊಂಡ್ರೆ ಅಂದ್ಕೊಳ್ಲಿ ಅಂತ ಸುಮ್ನಿದ್ದೆ. ನನ್ನ ಅಂಗಳದಿಂದ ಕೂಗಿದ್ರೆ ಕೇಳೋಷ್ಟು ದೂರ ಅದು. ದಿನಾ ಸಂಜೆ ಅಲ್ಲಿ ದೀಪ ಹತ್ತಿದ್ರೆ ನನ್ನ ಕಾಲು ಮನೇಲಿ ನಿಲ್ಲಲ್ಲ. ನೀನು ಎಷ್ಟು ಸಲ ಅಂತ ಓಡಿಬಂದು ಕಿತ್ಕೊಳ್ತೀಯ?"

"ಎಲ್ಲಾನೂ ಬಿಟ್ಬಿಡ್ತೀನಿ ಅಣ್ಣ. ಈ ಡ್ರಮ್ಮು ಗಿಮ್ಮು ನಾಳೆನೇ ಗುಜರಿಗೆ ಹಾಕ್ತೀನಿ."

"ಅದೊಂದು ಮಾತ್ರ ಹೇಳ್ಬೇಡ. ನನ್ನಿಂದ ನೀನು ಬಿಟ್ಟೆ ಅಂದ್ರೆ ಆ ಭಾರ ಹೊರಕ್ಕೆ ನನ್ನ ಕೈಲಾಗಲ್ಲ. ಆ ನೆಪಕ್ಕೇ ಮತ್ತೆ ಕುಡೀತೀನಿ. ನೀನು ಮಾಡು. ದೂರ ಮಾಡು."

"ಎಷ್ಟು ದೂರ?"

ಭಾವ ಗೋಡೌನಿನ ದಿಕ್ಕಿಗೆ ಕಣ್ಣು ಹಾಯಿಸಿದರು. ತಮ್ಮನಿಗೆ ಸುಳ್ಳು ಹೇಳಬಾರದೆಂದು ಯೋಚಿಸಿದಂತಿತ್ತು.

"ನಾನು ನಡ್ಕೊಂಡು ಹೋಗಕ್ಕೆ ಆಗದಷ್ಟು," ಎಂದರು.

ಡ್ರಮ್ಮುಗಳನ್ನು ಇವರು ಮರುದಿನವೇ ಎಸ್ಟೇಟಿನ ಖಾಲಿ ಶೆಡ್ಡಿಗೆ ಸಾಗಿಸಿದರು. ಈಗ ರಜೆ ಸಿಕ್ಕಾಗಲೆಲ್ಲ ಜಾಗ ನೋಡಲು ಹೋಗುತ್ತೇವೆ. ಮೊನ್ನೆ ಚಿಕ್ಕಮಗಳೂರಿನ ಹೊರಗೆ ಬ್ರೋಕರ್ ಒಬ್ಬರು ಒಂದು ಹಳೆಯ ಕಟ್ಟಡ ತೋರಿಸಿದರು. ಎತ್ತರದ ಮಾಡು, ಒಳ್ಳೆಯ ಬಾವಿ, ಎದುರಿಗೆ ಗಿರಿಯ ಸಾಲು. ಇವರು ಗೋಡೆ ಮುಟ್ಟಿ ನೋಡಿದರು, ನೀರು ಕುಡಿದು ನೋಡಿದರು. ಡ್ರಮ್ಮು ಎಲ್ಲಿ, ಮೇಜು ಎಲ್ಲಿ ಎಂದು ನನಗೆ ಕೈಮಾಡಿ ತೋರಿಸುತ್ತಾ ಅರ್ಧ ಪಬ್ಬು ಕಟ್ಟಿಯೇ ಬಿಟ್ಟಿದ್ದರು. ಅಷ್ಟು ಕಣ್ಣು ಅರಳಿದ್ದನ್ನು ನಾನು ಹಬ್ಬದ ನಂತರ ಕಂಡಿರಲಿಲ್ಲ. ಆಮೇಲೆ ನೆನಪಾದವರಂತೆ ನಿಂತು ಬ್ರೋಕರಿಗೆ, "ಮೂಡಿಗೆರೆಯಿಂದ ಇಲ್ಲಿಗೆ ನೇರ ಬಸ್ ಇದ್ಯಾ?" ಎಂದು ಕೇಳಿದರು.

ಬ್ರೋಕರ್ ಹಿಗ್ಗಿಹೋದರು. "ಇದೆ ಸರ್! ಗಂಟೆಗೊಂದು ಇದೆ. ನಿಮ್ಮ ಬಾಗಿಲಿಗೇ ನಿಲ್ಸ್ತಾರೆ."

"ಹಾಗಾದ್ರೆ ಬೇಡ ಬಿಡಿ," ಎಂದರು ಇವರು.