ಒಲೆಯ ಮುಂದೆ ಒಣಗಿದ ಪೂಡಲ್

ಇವತ್ತು ಬೆಳಿಗ್ಗೆ ಬಚ್ಚಲೊಲೆಯ ಮೇಲಿನ ಗಳದಿಂದ ನನ್ನ ಉಣ್ಣೆಯ ಸ್ವೆಟರನ್ನು ಎಳೆದುಕೊಂಡು ಮೂಸಿದೆ. ಹೊಗೆ, ಮುಗ್ಗಲು, ಅರ್ಧ ಒಣಗಿದ ಉಣ್ಣೆ. ಜುಲೈ ತಿಂಗಳಲ್ಲಿ ಗಾಳಿಬೀಡಿನ ಯಾರ ಮನೆಗೆ ಹೋದರೂ ಈ ವಾಸನೆ ನಿಮ್ಮನ್ನು ಬಾಗಿಲಲ್ಲೇ ಮಾತಾಡಿಸುತ್ತದೆ. ನನಗೆ ಮಾತ್ರ ಅದು ನಮ್ಮ ನಾಯಿ ಕಾಳುವಿನ ಮೊದಲ ಮಳೆಗಾಲವನ್ನು ನೆನಪಿಸಿತು.

ನೆನಪು ಎಂದೆ, ಆ ಪದದ ಮೇಲೆ ಹೆಚ್ಚು ಭಾರ ಹಾಕಬೇಡಿ. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದುವಾಗ ಎಲ್ಲವನ್ನೂ ಅನುಮಾನಿಸುವ ಚಟ ಅಂಟಿತು. ಅದು ದೇವರನ್ನು, ಸರಕಾರವನ್ನು, ಹವಾಮಾನದ ಮುನ್ಸೂಚನೆಯನ್ನು ಮುಗಿಸಿ ಈಗ ನನ್ನ ತಲೆಯೊಳಕ್ಕೇ ಬಂದಿದೆ. ನಾನು ಹೇಳುವ ಪ್ರತಿಯೊಂದಕ್ಕೂ ನನ್ನ ಹೆಂಡತಿಯ ಬಳಿ ಒಂದು ಪಾಠಾಂತರವಿದೆ. ಆದರೂ ಹೇಳುತ್ತೇನೆ.

ಅವ್ವನಿಗೆ ಉಬ್ಬಸ. ಹುಟ್ಟಿದಂದಿನಿಂದ ನಾಯಿಗಳ ನಡುವೆ ಬೆಳೆದವಳು ಅವಳು. ಮುಂದೊಂದು ನಾಯಿ ಹೋಗದೆ ಕಾಫಿ ತೋಟಕ್ಕೆ ಕಾಲಿಟ್ಟವಳಲ್ಲ. ಹಾವೋ ಹಂದಿಯೋ, ಮೊದಲು ಗೊತ್ತಾಗುವುದು ಅದಕ್ಕೇ. ನಮ್ಮ ಹಳೆಯ ನಾಯಿ ಸತ್ತ ವರ್ಷ ಮಡಿಕೇರಿಯ ಡಾಕ್ಟರು ಅವಳ ಎದೆ ಪರೀಕ್ಷಿಸಿ, ಇನ್ನು ಮನೆಯಲ್ಲಿ ನಾಯಿ ಬೇಡ ಎಂದರು. ಅವ್ವ ತೋಟಕ್ಕೆ ಹೋಗುವುದನ್ನೇ ಬಿಟ್ಟಳು.

"ನಾಯಿ ಇಲ್ಲದೆ ತೋಟಕ್ಕೆ ಹೋಗುದು ಎಂಥದ್ದು, ಸೀರೆ ಉಡದೆ ಹೋದ ಹಾಗೆ" ಎಂದಳು.

ಜಗಲಿಯಲ್ಲಿ ಕೂತಳು. ಕೂತಷ್ಟೂ ಉಸಿರು ಕುಗ್ಗಿತು. ಜಗಲಿಯಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಒಮ್ಮೆ ಗೋಡೆ ಹಿಡಿದು ನಿಲ್ಲುವ ಹಾಗಾಯಿತು.

ಆಗ ನಾನು ಪೂಡಲ್ ಬಗ್ಗೆ ಓದತೊಡಗಿದೆ. ಗುಂಗುರು ಕೂದಲಿನ, ಕೂದಲು ಅಷ್ಟಾಗಿ ಉದುರಿಸದ ಜಾತಿ. ಅಲರ್ಜಿಯೇ ಆಗದ ನಾಯಿ ಎಂಬುದು ಎಲ್ಲೂ ಇಲ್ಲ, ಕೆಲವರಿಗೆ ಕಡಿಮೆ ಆಗಬಹುದು, ಅಷ್ಟೆ. ಡಾಕ್ಟರನ್ನು ಕೇಳಿದರೆ, "ತರುವ ಮೊದಲು ಅವರನ್ನು ಅದರ ಹತ್ತಿರ ಕೂರಿಸಿ ನೋಡಿ. ಎದೆ ಕಟ್ಟಿದರೆ ಆಸೆ ಬಿಡಿ" ಎಂದರು.

ಶಿರಂಗಾಲದಲ್ಲಿ ನಿವೃತ್ತ ಮೇಷ್ಟರೊಬ್ಬರು ಸಾಕಿದ್ದ ಪೂಡಲ್ ಮರಿ ಹಾಕಿತ್ತು. ಅವ್ವನನ್ನು ಕರೆದುಕೊಂಡು ಹೋದೆವು. ಜೀಪು ಓಡಿಸಿದ್ದು ದೊಡ್ಡಪ್ಪ. ಅಪ್ಪನ ಅಣ್ಣ, ಏರಿನ ಮೇಲಿನ ಪಕ್ಕದ ಮನೆಯವರು. ನಾಯಿ, ಬಂದೂಕು, ಮದುವೆ, ಈ ಮೂರರಲ್ಲಿ ಅವರ ಮಾತನ್ನು ಯಾರೂ ಮೀರುವುದಿಲ್ಲ. ಅವ್ವ ತಾಯಿ ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಊಟದ ಹೊತ್ತಿನವರೆಗೆ ಕೂತಳು. ನಾನು ಅವಳ ಎದೆಯನ್ನೇ ನೋಡುತ್ತಾ ಕೂತೆ. ಒಂದು ಸೀನೂ ಬರಲಿಲ್ಲ.

ದೊಡ್ಡಪ್ಪ ತಾಯಿ ನಾಯಿಯ ಸುತ್ತ ಒಂದು ಸುತ್ತು ಹಾಕಿದರು.

"ಇದು ನಾಯಿಯಾ ಮಾರಾಯ, ಕುರಿಯಾ?"

"ಮೂಲದಲ್ಲಿ ಬೇಟೆನಾಯಿ ದೊಡ್ಡಪ್ಪ. ನೀರಿಗೆ ಬಿದ್ದ ಬಾತುಕೋಳಿ ತರಲಿಕ್ಕೆ ಸಾಕಿದ್ದು."

"ಹಂದಿ ಬಂದ್ರೆ ಎಂಥ ಮಾಡ್ತದೆ? ತಲೆ ಬಾಚಿ ಕಳಿಸ್ತದಾ?"

ಮರಿ ಆರಿಸಲು ದೊಡ್ಡಪ್ಪನದು ಹಳೇ ಕಾಲದ ಬೇಟೆಯವರ ಕ್ರಮ. ಕತ್ತಿನ ಚರ್ಮ ಹಿಡಿದು ಮೇಲೆತ್ತುವುದು. ಕೂಗದೆ ಜೋತು ಬಿದ್ದ ಮರಿಯೇ ಗಟ್ಟಿ. ಒಂದೊಂದನ್ನೇ ಎತ್ತಿದರು. ಕರಿ ಮರಿಯೊಂದು ಮೇಷ್ಟರ ಮನೆಯ ಹಂಚು ಹಾರಿಹೋಗುವಂತೆ ಕಿರುಚಿತು. (ಕಿರುಚಿದ್ದು ಅದಲ್ಲ, ಅದರ ಅಣ್ಣ ಎಂದು ನನ್ನ ಹೆಂಡತಿ.) ದೊಡ್ಡಪ್ಪ ಅದನ್ನು ಕೆಳಗಿಟ್ಟು, "ಇದು ಯಾವುದಕ್ಕೂ ಆಗುದಿಲ್ಲ" ಎಂದರು.

"ನಂಗೆ ಇದೇ ಸಾಕು" ಎಂದಳು ಅವ್ವ. "ನಾನು ಸಾಕಿದ ನಾಯಿಗಳನ್ನೆಲ್ಲ ಗಂಡಸರು ಕಾಡಿಗೆ ಕರ್ಕೊಂಡು ಹೋದ್ರು. ಇದನ್ನು ಯಾರೂ ಕೇಳುದಿಲ್ಲ."

ದೊಡ್ಡಪ್ಪ ಜೀಪಿನ ಕೀಲಿ ತಿರುಗಿಸುತ್ತಾ ಷರತ್ತು ಹಾಕಿದರು: "ಮಳೆಗಾಲ ದಾಟಲಿ. ನಡುವೆ ಇವಳ ಎದೆ ಕಟ್ಟಿತೋ, ನಾನೇ ತಂದು ವಾಪಸ್ ಬಿಡ್ತೇನೆ."

ಒಣಗಲು ಹಾಕಿದ ಕಾಳುಮೆಣಸಿನ ಹಾಗಿದೆ ಎಂದು ಅವ್ವ ಅದಕ್ಕೆ ಕಾಳು ಎಂದು ಹೆಸರಿಟ್ಟಳು. ಜೂನ್ ಬರುವಷ್ಟರಲ್ಲಿ ಅವಳು ತೋಟದ ಗೇಟಿನವರೆಗೆ ನಡೆಯುತ್ತಿದ್ದಳು.

ಮಳೆ ಹಿಡಿಯಿತು. ನಾವು ಮಾಡಿದ್ದು ನಮ್ಮ ಊರಿನವರು ಮಾತ್ರ ಮಾಡಬಲ್ಲ ತಪ್ಪು. ಇಲ್ಲಿ ಅಂಗಿ, ಕಂಬಳಿ, ಶಾಲೆಯ ಚೀಲ, ನಾಯಿ, ಒದ್ದೆಯಾದ ಎಲ್ಲವನ್ನೂ ಒಲೆಯ ಮುಂದೆ ಬಿಟ್ಟರೆ ಮುಗಿಯಿತು. ಸಾಮಾನ್ಯ ನಾಯಿ ಮೈ ಕೊಡವಿ ಬೂದಿಯ ಪಕ್ಕ ಮಲಗಿ ಒಣಗುತ್ತದೆ. ಕಾಳುವನ್ನೂ ಹಾಗೇ ಬಿಸಿನೀರಲ್ಲಿ ತೊಳೆದು ಅಲ್ಲೇ ಮಲಗಿಸಿದೆವು, ದಿನಾ. ಮೇಲೆ ಮುಟ್ಟಿದರೆ ಬೆಚ್ಚಗೆ, ಒಣ. ಒಳಗೆ ಏನಾಗುತ್ತಿದೆ ಎಂದು, ಇಷ್ಟೆಲ್ಲ ಅನುಮಾನಿಸುವ ನಾನು, ಒಮ್ಮೆಯೂ ಕೂದಲು ಬಿಡಿಸಿ ನೋಡಲಿಲ್ಲ.

ಜುಲೈಯಲ್ಲಿ ಅವ್ವನ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಎರಡೇ ದಿನದಲ್ಲಿ ದೊಡ್ಡಪ್ಪನ ಜೀಪು ಅಂಗಳದಲ್ಲಿತ್ತು.

"ಹತ್ತಿಸು ಅದನ್ನು" ಎಂದರು ನನಗೆ.

ಅವ್ವ ಗೋಡೆಗೊರಗಿ ಕೂತಿದ್ದಳು. ನಾನು ಕಾಳುವನ್ನು ಎತ್ತಿಕೊಂಡೆ. ಕೈಗೆ ಸಿಕ್ಕಿದ್ದು ಕೂದಲಲ್ಲ, ಹಲಗೆಯಂಥ ಕಂಬಳಿ. ಬೆರಳು ಒಳಗೆ ಹೋಗಲಿಲ್ಲ. ಕುತ್ತಿಗೆಯ ಹತ್ತಿರ ಬಲವಾಗಿ ಬಿಡಿಸಿ ಮೂಸಿದೆ: ಶುದ್ಧ ಬೂಷ್ಟು. ಕುಶಾಲನಗರದ ಪಶುವೈದ್ಯರಿಗೆ ಫೋನು ಮಾಡಿದೆ.

"ನೀರು ಹಾಕುವ ಮೊದಲು ಬಾಚಬೇಕಿತ್ತಲ್ಲ" ಎಂದರು. "ಈ ಜಾತಿಗೆ ಉದುರಿದ್ದು ಕೆಳಗೆ ಬೀಳುದಿಲ್ಲ, ಒಳಗೇ ಸಿಕ್ಕಿಕೊಳ್ತದೆ. ಒದ್ದೆಯಾದ್ರೆ ಗಂಟು ಬಿಗೀತದೆ. ಬುಡ ಒಣಗದಿದ್ರೆ ಬೂಷ್ಟು. ಎಲ್ಲ ತೆಗೆದುಬಿಡಿ."

ನಾನದನ್ನು ಜೋರಾಗಿ ಹೇಳಿದೆ. ದೊಡ್ಡಪ್ಪ ಜೀಪಿನ ಬಾಗಿಲು ತೆರೆದೇ ಹಿಡಿದಿದ್ದರು.

"ಭಾವ" ಎಂದಳು ಅವ್ವ, ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತಾ. "ಬೂಷ್ಟು ಬರಿಸಿದ್ದು ನಾವು. ಅದಕ್ಕೆ ಶಿಕ್ಷೆ ಯಾಕೆ? ಕೈಲ್ ಮುಹೂರ್ತದ ತನಕ ನೋಡುವ. ಆಗಲೂ ಹೀಗೇ ಇದ್ರೆ ನಾನೇ ಹತ್ತಿಸ್ತೇನೆ."

ಆಯುಧ ಪೂಜೆಯ ಆ ಹಬ್ಬ ಸೆಪ್ಟೆಂಬರಿಗೆ. ದೊಡ್ಡಪ್ಪ ಬಾಗಿಲು ಹಾಕಿದರು.

ಅವ್ವನನ್ನು ದೊಡ್ಡಪ್ಪನ ಮನೆಗೆ ಕಳಿಸಿ, ನಾನೂ ನನ್ನ ಹೆಂಡತಿಯೂ ಕೊಟ್ಟಿಗೆಯಲ್ಲಿ ಕೂತೆವು. ನನ್ನ ಗಡ್ಡದ ಟ್ರಿಮ್ಮರ್ ಮೊದಲ ಕಾಲಿಗೇ ಪ್ರಾಣಬಿಟ್ಟಿತು. ಉಳಿದದ್ದು ಹೊಲಿಗೆಯ ಕತ್ತರಿಯಲ್ಲಿ. ತುಪ್ಪಳ ಇಡೀ ಒಂದೇ ತುಂಡಾಗಿ, ಕೋಟು ಕಳಚಿದಂತೆ ಬಂತು; ಒಳಗಿನಿಂದ ಉದ್ದ ಕಾಲಿನ, ತೆಳು ಸೊಂಟದ, ಯಾವ ಕೋನದಿಂದಲೂ ಕುರಿಯಲ್ಲದ ಪ್ರಾಣಿಯೊಂದು ಹೊರಬಂದು ಅಂಗಳವನ್ನು ಮೂರು ಸುತ್ತು ಓಡಿತು. ಅವತ್ತಿನಿಂದ ನೀರಿಗೆ ಮೊದಲು ಬಾಚಣಿಗೆ, ನೀರಿನ ನಂತರ ಟವೆಲು, ಟವೆಲಿನ ನಂತರ ನನ್ನ ಹೆಂಡತಿಯ ಹೇರ್ ಡ್ರೈಯರು. ಕರೆಂಟಿಲ್ಲದ ದಿನ ಸ್ನಾನವೇ ಇಲ್ಲ.

ಆಗಸ್ಟಿನಲ್ಲಿ ಸಿಳ್ಳೆ ನಿಂತಿತು. ನಾಯಿಯ ಬೂಷ್ಟು ಹೋದದ್ದಕ್ಕೋ, ಮಳೆ ಇಳಿದದ್ದಕ್ಕೋ, ಡಾಕ್ಟರು ಬದಲಿಸಿದ ಉಬ್ಬಸದ ಪಂಪಿಗೋ, ಒಂದೇ ನಿದರ್ಶನದಿಂದ ಹೇಳಲಾಗದು ಎಂದು ನಾನು ವಾದಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಹಬ್ಬದ ದಿನ ದೊಡ್ಡಪ್ಪನ ಮನೆಗೆ ಏರು ಹತ್ತಿ ಹೋಗಬೇಕು. ಅವ್ವ ಜೀಪು ಬೇಡವೆಂದಳು. ಕಾಳು ಮುಂದೆ, ಅವಳು ಹಿಂದೆ. ಬಂದೂಕುಗಳಿಗೆ ಗಂಧ ಹಚ್ಚುತ್ತಿದ್ದ ದೊಡ್ಡಪ್ಪ ಅವಳು ಏರು ಹತ್ತಿ ಮುಗಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಬಟ್ಟಲಲ್ಲಿ ಉಳಿದ ಗಂಧವನ್ನು ಬೆರಳಿಗೆ ತೆಗೆದುಕೊಂಡು ಕಾಳುವಿನ ಹಣೆಗೆ ಹಚ್ಚಿದರು. ಹಚ್ಚಿದ್ದು ಅವ್ವನೇ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಇರಬಹುದು.

ಇದನ್ನು ಇಷ್ಟು ಬರೆಯುವಷ್ಟರಲ್ಲಿ ತೋಟದ ತುದಿಯಿಂದ ಅವ್ವನ ದನಿ ಬಂತು. ಮೂತಿ ನರೆತ ಕಾಳುವೂ ಅಲ್ಲೇ ಇರಬೇಕು.

"ಏಯ್, ಬರ್ದದ್ದು ಸಾಕು, ಚೀಲ ತಕೊಂಡು ಮೇಲೆ ಬಾ, ಹಲಸಿನ ಮರದ ಬುಡದಲ್ಲಿ ಅಣಬೆ ಎದ್ದಿದೆ, ಪ್ಲಾಸ್ಟಿಕ್ ಬೇಡ ಬಟ್ಟೆ ಚೀಲ ತಾ, ಬೇಗ ಬಾ, ಆಮೇಲೆ ದೊಡ್ಡಪ್ಪನಿಗೆ ಕಂಡ್ರೆ ನಮಗೆ ಒಂದೂ ಸಿಕ್ಕುದಿಲ್ಲ!"

ನಡುವೆ ಎಲ್ಲೂ ನಿಲ್ಲಲಿಲ್ಲ ಅವಳು. ನಾನು ಪೆನ್ನು ಮುಚ್ಚಿ, ಬಟ್ಟೆ ಚೀಲ ಹಿಡಿದು ಹೊರಟೆ. ಅರ್ಧ ಏರಿನಲ್ಲಿ ಸಿಲ್ವರ್ ಓಕ್ ಮರವೊಂದಕ್ಕೆ ಕೈಯೂರಿ ಏದುಸಿರು ಬಿಡುತ್ತಾ ನಿಂತಾಗ, ಮೇಲಿನಿಂದ ಅವರಿಬ್ಬರೂ ನನ್ನನ್ನು ನೋಡುತ್ತಾ ಕಾಯುತ್ತಿದ್ದರು.